ಅಪ್ಪ ಬರೆದ ರಾಕ್ಷಸಿ

ರಾಕ್ಷಸಿಯ ಪಾತ್ರಕ್ಕೆ ಯಾರೂ ಒಪ್ಪಲಿಲ್ಲ. ರಾಜಕುಮಾರಿಯಾಗುತ್ತೇವೆಂದು ಹನ್ನೊಂದು ಹುಡುಗಿಯರು ಹೆಸರು ಕೊಟ್ಟಿದ್ದರು. ರಾಜಕುಮಾರನಾಗಲು ಬಂದವರಲ್ಲಿ ನಲವತ್ತು ದಾಟಿದ ಇಬ್ಬರು ಗಂಡಸರೂ ಇದ್ದರು. ರಾಕ್ಷಸಿ ಎಂದು ಬರೆದದ್ದರ ಮುಂದೆ ಮಾತ್ರ ಮೂರು ಶುಕ್ರವಾರ ಕಳೆದರೂ ಯಾರ ಹೆಸರೂ ಬೀಳಲಿಲ್ಲ.

ದುಬೈಗೆ ಮೆಟ್ರೊ ಬಂದು ಐದಾರು ವರ್ಷವಾಗಿದ್ದ ಕಾಲ ಅದು. ನಾವು ಅಲ್ ನಹ್ದಾದಲ್ಲಿ, ನಡೆದರೆ ಹತ್ತು ನಿಮಿಷಕ್ಕೆ ಶಾರ್ಜಾದ ಗಡಿ ಸಿಗುವಂಥ ಕಡೆ, ನಾಲ್ಕನೇ ಮಾಳಿಗೆಯ ಒಂದು ಫ್ಲ್ಯಾಟಿನಲ್ಲಿದ್ದೆವು. ನಾನು ಕರಾಮದ ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಬಂದವರ ತೋಳಿಗೆ ರಬ್ಬರ್ ಪಟ್ಟಿ ಬಿಗಿದು ರಕ್ತ ತೆಗೆಯುವುದು ನನ್ನ ಕೆಲಸ. ಗಂಡ ಒಂದು ಹೋಟೆಲಿನ ಸ್ಟೋರಿನಲ್ಲಿದ್ದರು. ಮಗಳಿಗೆ ಹನ್ನೊಂದು ವರ್ಷ. ಶುಕ್ರವಾರ ಬೆಳಿಗ್ಗೆ ಊದ್ ಮೇಥಾದಲ್ಲಿ ನಡೆಯುತ್ತಿದ್ದ ಕನ್ನಡ ತರಗತಿಗೆ ಅವಳನ್ನು ಕರೆದುಕೊಂಡು ಹೋಗುತ್ತಿದ್ದೆ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಕ್ಕಳೇ ಅಲ್ಲಿ ತುಂಬಿದ್ದರು. ನನ್ನ ಮಗಳೂ ಅವರಲ್ಲಿ ಒಬ್ಬಳು.

ತರಗತಿಯ ವಾರ್ಷಿಕೋತ್ಸವಕ್ಕೆ ಪ್ರತಿ ವರ್ಷ ಡಾನ್ಸು, ಒಂದು ನಾಟಕ ಇರುತ್ತಿತ್ತು. ಆ ಸಲ ಧಾರವಾಡದ ಕಡೆಯ ಒಬ್ಬ ಎಂಜಿನಿಯರ್ ಹುಡುಗ ಅರ್ಧ ಗಂಟೆಯ ಸಿನಿಮಾ ಮಾಡೋಣ ಎಂದ. ಅವನ ಹತ್ತಿರ ಒಳ್ಳೆಯ ಕ್ಯಾಮೆರಾ ಇತ್ತು. ರಜೆಯ ದಿನಗಳಲ್ಲಿ ಕಿರುಚಿತ್ರ ಮಾಡುವುದು ಅವನ ಹುಚ್ಚು. ಎಲ್ಲ ಅಜ್ಜಿಯರೂ ಹೇಳುವ ಕಥೆಯನ್ನೇ ಅವನು ಆರಿಸಿದ್ದ: ಏಳು ಸಮುದ್ರದ ಆಚೆ ಒಬ್ಬಳು ರಾಕ್ಷಸಿ, ಅವಳ ಅರಮನೆಯಲ್ಲಿ ಒಬ್ಬಳು ಹುಡುಗಿ, ರಾಕ್ಷಸಿಯ ಜೀವ ಒಂದು ಗಿಳಿಯಲ್ಲಿ. ರಾಜಕುಮಾರ ಬರುತ್ತಾನೆ, ಹುಡುಗಿಯಿಂದ ಗುಟ್ಟು ತಿಳಿಯುತ್ತಾನೆ, ಗಿಳಿಯ ಕತ್ತು ಮುರಿಯುತ್ತಾನೆ. ಆದರೆ ಈ ಸಿನಿಮಾದಲ್ಲಿ ಕಥೆ ನಡೆಯುವುದು ರಾಕ್ಷಸಿಯ ಕಡೆಯಿಂದ. ಆ ಹುಡುಗಿ ಮರಳಿನಲ್ಲಿ ಬಿಟ್ಟುಹೋದ ಕೂಸು. ರಾಕ್ಷಸಿ ಎತ್ತಿ ತಂದು ಸಾಕಿದ್ದಾಳೆ. ರಾಕ್ಷಸಿ ತನ್ನ ಜೀವದ ಗುಟ್ಟನ್ನು ಆ ಹುಡುಗಿಗೆ ಹೇಳಿದ್ದು ಮೋಸಹೋಗಿ ಅಲ್ಲ, ಮಗಳು ಕೇಳಿದಳು ಎಂದು.

"ಕಾರ್ಟೂನ್ ಅಲ್ರಿ, ಗೊಂಬಿ ಆಟಾನೂ ಅಲ್ಲ," ಎಂದು ಅವನು ತಾಯಂದಿರ ಮುಂದೆ ನಿಂತು ವಿವರಿಸಿದ. "ಖರೇ ಮನುಷ್ಯಾರು, ಖರೇ ಮರಳು. ರಾಕ್ಷಸಿ ಉಸಿರಾಡೋದು ಕೇಳಬೇಕ್ರಿ."

ಎಲ್ಲರಿಗೂ ಕಥೆ ಹಿಡಿಸಿತು. ಪಾತ್ರ ಮಾತ್ರ ಯಾರಿಗೂ ಬೇಡ. ನಾಲ್ಕನೇ ಶುಕ್ರವಾರ ಅವನು ಹಿಂಜರಿಯುತ್ತ ನನ್ನ ಹತ್ತಿರ ಬಂದ.

"ಅಕ್ಕಾರ, ತಪ್ಪ ತಿಳ್ಕೋಬ್ಯಾಡ್ರಿ. ರಾಕ್ಷಸಿ ಪಾರ್ಟ್ ನೀವ ಮಾಡಿದ್ರ ಭಾರಿ ಆಗ್ತದ."

"ಯಾಕೆ, ನಾನು ನೋಡ್ಲಿಕ್ಕೆ ಹಾಗೆ ಇದ್ದೇನಾ?"

"ಹಂಗಲ್ರೀ. ನೀವು ಒಳಗ ಬಂದ್ರ ಮಕ್ಕಳೆಲ್ಲ ಗಪ್ ಆಗ್ತಾವು. ಅದು ಬ್ಯಾರೆ ಯಾರಿಗೂ ಆಗಂಗಿಲ್ಲ."

ಅದು ನಿಜ. ಆ ಮಕ್ಕಳಲ್ಲಿ ಅರ್ಧದಷ್ಟು ಮಂದಿಯ ರಕ್ತ ನಾನೇ ತೆಗೆದದ್ದು. ಅವರ ಬಾಯಲ್ಲಿ ನಾನು ಸೂಜಿ ಆಂಟಿ. ಮೈಕಟ್ಟೂ ಎತ್ತರದ್ದು, ಬಣ್ಣ ಕಪ್ಪು, ಧ್ವನಿ ದೊಡ್ಡದು. ಆದರೆ ನಾನು ಆ ಕ್ಷಣ ಹಿಂದೆಗೆದದ್ದಕ್ಕೆ ಕಾರಣ ಬೇರೆ ಇತ್ತು, ಅದನ್ನು ಅಲ್ಲಿ ಯಾರಿಗೂ ಹೇಳುವಂತಿರಲಿಲ್ಲ.

ನನ್ನ ಅಪ್ಪ ಯಕ್ಷಗಾನದ ಕಲಾವಿದರು. ದಕ್ಷಿಣ ಕನ್ನಡದ ಒಂದು ಮೇಳದಲ್ಲಿ ನಲವತ್ತೊಂದು ವರ್ಷ ಹೆಣ್ಣುಬಣ್ಣ ಮಾಡಿದವರು. ಹೆಣ್ಣುಬಣ್ಣವೆಂದರೆ ರಾಕ್ಷಸಿಯ ವೇಷ. ಮುಖದ ತುಂಬ ಕಪ್ಪು, ಕೆಂಪು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿ ಚುಕ್ಕೆಗಳನ್ನು ಮುಳ್ಳಿನಂತೆ ಎಬ್ಬಿಸಿ, ಎರಡು ಆಳು ಅಗಲಕ್ಕೆ ಬಟ್ಟೆ ಸುತ್ತಿ ಬರುವ ವೇಷ. ನಾನು ಚಿಕ್ಕವಳಿದ್ದಾಗ ಅಪ್ಪ ಬೆಳಗಿನ ಬಸ್ಸಿಗೆ ಇಳಿದು ಮನೆಗೆ ಬರುವ ಹೊತ್ತಿಗೆ ನಾವು ಶಾಲೆಗೆ ಹೊರಟಿರುತ್ತಿದ್ದೆವು. ಎಷ್ಟು ಎಣ್ಣೆ ಹಚ್ಚಿ ತೊಳೆದರೂ ಕಿವಿಯ ಹಿಂದೆ ಸ್ವಲ್ಪ ಕೆಂಪು ಉಳಿದಿರುತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಅದನ್ನು ಕಂಡ ಮಕ್ಕಳು ನನ್ನನ್ನು "ರಾಕ್ಷಸಿಯ ಮಗಳು" ಎಂದು ಕರೆದರು. "ನಿನ್ನ ಅಪ್ಪ ಅಪ್ಪನಾ, ಅಮ್ಮನಾ" ಎಂದು ಕೇಳಿದರು. ಐದನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನವರೆಗೂ ಕೇಳಿದರು. ಮಂಗಳೂರಿನ ಹಾಸ್ಟೆಲಿಗೆ ಸೇರಿದ ದಿನ ಪಕ್ಕದ ಮಂಚದ ಹುಡುಗಿ ಅಪ್ಪ ಏನು ಮಾಡುತ್ತಾರೆ ಎಂದಾಗ ಕೃಷಿ ಎಂದುಬಿಟ್ಟೆ. ಆಮೇಲೆ ಅದನ್ನೇ ಹೇಳುತ್ತ ಬಂದೆ. ಗಂಡನಿಗೆ ಗೊತ್ತಿತ್ತು. ದುಬೈಯಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಮಗಳಿಗೂ ಗೊತ್ತಿರಲಿಲ್ಲ. ನಾವು ಊರಿಗೆ ಹೋಗುತ್ತಿದ್ದುದು ಮಳೆಗಾಲದಲ್ಲಿ, ಮೇಳಕ್ಕೆ ರಜೆ ಇರುವಾಗ. ಅವಳು ಹುಟ್ಟಿ ಕೆಲವೇ ವರ್ಷಕ್ಕೆ ಅಪ್ಪ ವೇಷ ಬಿಟ್ಟೂ ಇದ್ದರು.

ಆ ಪಾತ್ರಕ್ಕೆ ನಾನು ಹೂಂ ಎಂದದ್ದು ಯಾಕೆ ಎಂದು ಈಗ ಕೇಳಿದರೆ ಸರಿಯಾಗಿ ಹೇಳಲಾರೆ. ಆ ಹುಡುಗನ ಮುಖ ನೋಡಿ ಇಲ್ಲ ಎನ್ನಲಾಗಲಿಲ್ಲ. ರಾಜಕುಮಾರಿಗೆ ಹೆಸರು ಕೊಟ್ಟ ಹನ್ನೊಂದು ಮಂದಿಯಲ್ಲಿ ನನ್ನ ಮಗಳೂ ಇದ್ದಳು, ಕೊನೆಗೆ ಅವಳೇ ಆಯ್ಕೆಯಾದಳು, ಅದೂ ಒಂದು ಕಾರಣ ಇದ್ದಿರಬೇಕು.

ಡಿಸೆಂಬರಿನಲ್ಲಿ ಅಪ್ಪ ವಿಸಿಟ್ ವೀಸಾದಲ್ಲಿ ಬಂದರು. ಅಮ್ಮ ಹೋದ ಮೇಲೆ ಅವರು ಅಣ್ಣನ ಮನೆಯಲ್ಲಿದ್ದರು, ಎಪ್ಪತ್ತೆರಡು ವರ್ಷ. ಮೊದಲ ವಾರ ಎಲ್ಲ ತೋರಿಸಿದೆವು. ಮೆಟ್ರೊದಲ್ಲಿ ಡ್ರೈವರ್ ಇಲ್ಲ ಎಂದು ತಿಳಿದು ಅವರು ಮುಂದಿನ ಡಬ್ಬಿಯ ಗಾಜಿಗೆ ಮುಖವಿಟ್ಟು ನಿಂತದ್ದು ಬಿಟ್ಟರೆ ಬೇರೆ ಯಾವುದೂ ಅವರಿಗೆ ದೊಡ್ಡ ವಿಷಯ ಅನ್ನಿಸಲಿಲ್ಲ. ಎರಡನೇ ವಾರದಿಂದ ಬಾಲ್ಕನಿಯಲ್ಲಿ ಕುರ್ಚಿ ಹಾಕಿ ಕೂರತೊಡಗಿದರು.

ಒಂದು ಶನಿವಾರ ಸಂಜೆ ಎಂಜಿನಿಯರ್ ಹುಡುಗ ಕಥೆಯ ಹಾಳೆಗಳನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದ. ನಾನು, ಮಗಳು, ಅವನು ನೆಲದ ಮೇಲೆ ಕೂತು ಓದಿದೆವು. ಅಪ್ಪ ಸೋಫಾದ ಮೂಲೆಯಲ್ಲಿ ಚಹಾ ಕುಡಿಯುತ್ತ ಕೇಳುತ್ತಿದ್ದರು. ಕೊನೆಯ ಮೂರು ಪುಟ ಪೂರ್ತಿ ರಾಕ್ಷಸಿಯ ಅಳು. ಗಿಳಿ ರಾಜಕುಮಾರನ ಕೈಯಲ್ಲಿದೆ, ರಾಕ್ಷಸಿ ಮೊಣಕಾಲೂರಿ ಬೇಡುತ್ತಾಳೆ, ನಾನೇನು ತಪ್ಪು ಮಾಡಿದೆ ಎನ್ನುತ್ತಾಳೆ, ಮತ್ತೆ ಅಳುತ್ತಾಳೆ. ನಾನು ಓದಿ ಮುಗಿಸಿದಾಗ ಹುಡುಗನ ಕಣ್ಣೇ ಒದ್ದೆಯಾಗಿತ್ತು.

ಅಪ್ಪ ಲೋಟ ಕೆಳಗಿಟ್ಟರು. "ಒಂದು ಕೇಳ್ತೇನೆ. ಅವಳು ಯಾಕೆ ಅಷ್ಟು ಅಳುದು?"

"ಅಜ್ಜಾರ, ನೋಡೋರಿಗೆ ಆಕಿ ಮ್ಯಾಲೆ ಕನಿಕರ ಬರಬೇಕ್ರಿ. ಇಷ್ಟ ದಿನ ಎಲ್ಲಾರೂ ಆಕಿನ್ನ ಬರೇ ಕೆಟ್ಟಾಕಿ ಅಂತ ತೋರಿಸ್ಯಾರ."

"ಕನಿಕರ ಯಾಕೆ? ಅವಳೆಂತ ಭಿಕ್ಷೆಗೆ ಬಂದದ್ದಾ? ಆ ಅರಮನೆ ಅವಳದ್ದು. ಗಿಳಿ ಅವಳದ್ದು. ಕೂಸನ್ನು ಸಾಕಿದ್ದು ಅವಳು. ಈಗ ಕಳ್ಳನ ಹಾಗೆ ಒಳಗೆ ಬಂದವನ ಕಾಲು ಹಿಡಿಲಿಕ್ಕೆ ಉಂಟಾ?" ಅಪ್ಪನ ಧ್ವನಿ ಏರಲಿಲ್ಲ. ಆದರೆ ಬೆನ್ನು ಸೋಫಾದಿಂದ ಮುಂದೆ ಬಂದಿತ್ತು. "ರಾಕ್ಷಸಿಗೆ ತಾನು ರಾಕ್ಷಸಿ ಅಂತ ನಾಚಿಕೆ ಇರುದಿಲ್ಲ. ನಾಚಿಕೆ ಬಂತಾ, ವೇಷ ಅಲ್ಲಿಗೇ ಬಿತ್ತು."

ಹುಡುಗ ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡು ಅಪ್ಪನನ್ನೇ ನೋಡಿದ. "ನಿಮಗ ಇದೆಲ್ಲ ಹೆಂಗ ಗೊತ್ರಿ?"

"ನಲವತ್ತೊಂದು ವರ್ಷ ಅದನ್ನೇ ಮಾಡಿದ್ದಲ್ವಾ."

ಹುಡುಗ ನನ್ನ ಕಡೆ ತಿರುಗಿದ. "ಅಕ್ಕಾರ, ಅಪ್ಪಾರು ಒಕ್ಕಲುತನ ಮಾಡ್ತಾರ ಅಂದಿದ್ರಿ?"

ನಾನು ಲೋಟಗಳನ್ನು ಎತ್ತಿಕೊಂಡು ಎದ್ದೆ. ಅಡುಗೆಮನೆಯ ಬಾಗಿಲು ದಾಟುವಾಗ ಹಿಂದಿನಿಂದ ಅಪ್ಪನ ಮಾತು ಕೇಳಿಸಿತು: "ಅದೂ ಉಂಟು ಮಾರಾಯ, ಸ್ವಲ್ಪ. ನಾಲ್ಕು ತೆಂಗಿನ ಮರ."

ನಾನು ನಲ್ಲಿ ಬಿಟ್ಟು ಮೂರು ಲೋಟಗಳನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೊಳೆದೆ. ಹೊರಗೆ ಬಂದಾಗ ಮಗಳು ಅಜ್ಜನ ಕಾಲ ಬಳಿ ಕೂತು, "ಅಜ್ಜ, ಯು ವರ್ ಎ ಡೀಮನ್? ಲೈಕ್, ಪ್ರೊಫೆಷನಲಿ?" ಎಂದು ಕೇಳುತ್ತಿದ್ದಳು. ಅಪ್ಪನಿಗೆ ಪ್ರಶ್ನೆ ಅರ್ಥವಾಗಿರಲಿಲ್ಲ. ಎಂಜಿನಿಯರ್ ಹುಡುಗ ಕನ್ನಡಕ್ಕೆ ತಂದು ಹೇಳಿದ. ಅಪ್ಪ ನಕ್ಕು ತಲೆಯಾಡಿಸಿದರು.

ಮರುದಿನದಿಂದ ಪಾಠ ಶುರುವಾಯಿತು. ನಾನು ಕ್ಲಿನಿಕ್ಕಿನಿಂದ ಸಂಜೆ ಮನೆಗೆ ಬರುವಷ್ಟರಲ್ಲಿ ಅಪ್ಪ ಹಾಲಿನ ಟೀಪಾಯಿಯನ್ನು ಗೋಡೆಗೆ ಸರಿಸಿ, ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿ ಇಟ್ಟಿರುತ್ತಿದ್ದರು. ಮೊದಲ ಐದು ದಿನ ಕೂರುವುದನ್ನು ಮಾತ್ರ ಕಲಿಸಿದರು.

"ಅದು ಕುರ್ಚಿ ಅಲ್ಲ. ನಿನ್ನದೇ ಜಾಗ. ಕೂತ ಮೇಲೆ ಮತ್ತೆ ಸರಿ ಮಾಡ್ಕೊಳ್ಳಿಕ್ಕೆ ಇಲ್ಲ. ಸೆರಗು ಮುಟ್ಲಿಕ್ಕೆ ಇಲ್ಲ."

ನನಗೆ ಆಗ ತಿಳಿಯಿತು, ನಾನು ಎಲ್ಲೇ ಕೂತರೂ ಮೈಯನ್ನು ಕಿರಿದು ಮಾಡಿಕೊಂಡು ಕೂರುತ್ತೇನೆ ಎಂದು. ಮೆಟ್ರೊದಲ್ಲಿ, ಕ್ಲಿನಿಕ್ಕಿನ ಸ್ಟೂಲಿನ ಮೇಲೆ, ಕನ್ನಡ ತರಗತಿಯ ಹಿಂದಿನ ಬೆಂಚಿನಲ್ಲಿ. ಅಪ್ಪ ನನ್ನ ಭುಜ ಹಿಡಿದು ಹಿಂದಕ್ಕೆ ಒತ್ತಿದರು. "ಇಷ್ಟು ಎತ್ತರ ನಿನಗೆ ಯಾಕೆ ಕೊಟ್ಟದ್ದು?"

ಆರನೇ ದಿನ ಅಬ್ಬರ. ರಾಕ್ಷಸಿ ರಂಗಕ್ಕೆ ಬರುವ ಮುಂಚೆ ಪರದೆಯ ಹಿಂದಿನಿಂದ ಹಾಕುವ ಕೂಗು ಅದು. ಅಪ್ಪ ಒಮ್ಮೆ ಹಾಕಿ ತೋರಿಸಿದರು. ಹೊಟ್ಟೆಯ ಅಡಿಯಿಂದ ಎದ್ದು ಗೋಡೆಗಳಿಗೆ ಬಡಿದು ಬಂತು. ಅಡುಗೆಮನೆಯ ಸ್ಟ್ಯಾಂಡಿನಲ್ಲಿ ತಟ್ಟೆ ಜಣಗುಟ್ಟಿತು. ಎರಡು ನಿಮಿಷದಲ್ಲಿ ಬಾಗಿಲು ಬಡಿದ ಸದ್ದು. ಎದುರು ಫ್ಲ್ಯಾಟಿನ ಈಜಿಪ್ಟಿನ ಹೆಂಗಸು ಕೈಯಲ್ಲಿ ಫೋನ್ ಹಿಡಿದು, ಯಾರಿಗಾದರೂ ಏನಾದರೂ ಆಯಿತೇ ಎಂದು ಗಾಬರಿಯಿಂದ ನಿಂತಿದ್ದಳು. ಮಗಳು ಮುಂದೆ ಹೋಗಿ, "ನಥಿಂಗ್ ಆಂಟಿ, ಮೈ ಗ್ರ್ಯಾಂಡ್‌ಫಾದರ್ ಈಸ್ ಟೀಚಿಂಗ್ ಮೈ ಮದರ್ ಟು ಬಿ ಎ ಮಾನ್‌ಸ್ಟರ್," ಎಂದಳು. ಆಕೆ ನಮ್ಮಿಬ್ಬರನ್ನೂ ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡು ನಕ್ಕಳು. ಅಂದಿನಿಂದ ಅಭ್ಯಾಸ ಆರರಿಂದ ಏಳರೊಳಗೆ ಮುಗಿಯಬೇಕು ಎಂದು ಆಕೆಯ ಜೊತೆ ಒಪ್ಪಂದವಾಯಿತು.

ಎಂಜಿನಿಯರ್ ಹುಡುಗ ಕೊನೆಯ ಮೂರು ಪುಟಗಳನ್ನು ಹರಿದುಹಾಕಿದ. ಅಪ್ಪನ ಜೊತೆ ಬಾಲ್ಕನಿಯಲ್ಲಿ ಕೂತು ಹೊಸದಾಗಿ ಬರೆದ. ಗುಟ್ಟು ಹೊರಬಿದ್ದಿದೆ, ಗಿಳಿ ರಾಜಕುಮಾರನ ಕೈಯಲ್ಲಿದೆ. ರಾಕ್ಷಸಿ ಓಡುವುದಿಲ್ಲ, ಬೇಡುವುದಿಲ್ಲ. ತನ್ನ ಪೀಠದ ಮೇಲೆ ಹೋಗಿ ಕೂರುತ್ತಾಳೆ. ಆಮೇಲೆ ಹುಡುಗಿಗೆ ಒಂದು ಮಾತು ಹೇಳಬೇಕು. ಏನು ಹೇಳಬೇಕೆಂದು ಇಬ್ಬರೂ ಮೂರು ದಿನ ಜಗಳವಾಡಿದರು. ಹುಡುಗನಿಗೆ ದೊಡ್ಡ ಮಾತು ಬೇಕಿತ್ತು, ಅಪ್ಪ ಅದನ್ನೆಲ್ಲ ಬೇಡವೆಂದರು.

"ಮಗಳು ಮನೆ ಬಿಟ್ಟು ಹೋಗುವಾಗ ತಾಯಿ ಎಂತ ಹೇಳುದು? ಅದನ್ನೇ ಹೇಳ್ಲಿ."

ಶೂಟಿಂಗಿಗೆ ಸಿಕ್ಕಿದ್ದು ಅಬುಧಾಬಿಯ ದಾರಿಯಲ್ಲಿ ಹೆದ್ದಾರಿ ಬಿಟ್ಟು ಒಳಗಿದ್ದ ಒಂದು ಖರ್ಜೂರದ ತೋಟ. ಅಲ್ಲಿ ಹಳೆಯ ಕಾಲದ ಮಣ್ಣುಬಣ್ಣದ ಒಂದು ಮನೆಯಿತ್ತು, ಅದರ ಹಿಂದೆ ಮರಳುದಿಣ್ಣೆ. ತೋಟ ನೋಡಿಕೊಳ್ಳುತ್ತಿದ್ದವರು ಪುತ್ತೂರಿನ ಕಡೆಯವರು. ಮಾಲೀಕರನ್ನು ಕೇಳಿ ಒಪ್ಪಿಗೆ ತೆಗೆದುಕೊಟ್ಟಿದ್ದರು. ಜನವರಿಯ ಒಂದು ಶುಕ್ರವಾರ ಬೆಳಗಾಗುತ್ತಿದ್ದಂತೆ ಮೂರು ಕಾರುಗಳಲ್ಲಿ ಹೊರಟೆವು. ನನ್ನ ಉಡುಪು ಸತ್ವಾ ಬಡಾವಣೆಯ ದರ್ಜಿಯೊಬ್ಬ ಹೊಲಿದದ್ದು. ಕಿರೀಟ ಅಪ್ಪನೇ ರಟ್ಟು, ಥರ್ಮೊಕೋಲ್, ಜರಿ ಕಾಗದ ಅಂಟಿಸಿ ಹತ್ತು ದಿನದಲ್ಲಿ ಮಾಡಿದ್ದು. ಅದನ್ನು ಗಂಡ ತನ್ನ ಮಡಿಲಲ್ಲಿಟ್ಟುಕೊಂಡೇ ಬಂದರು. ಕಾರು ಓಡಿಸಿದ್ದು ನಾನು.

ತೋಟದ ಮನೆಯ ಅಡುಗೆಕೋಣೆಯೇ ನಮಗೆ ಬಣ್ಣದ ಮನೆಯಾಯಿತು. ಅಪ್ಪ ನನ್ನನ್ನು ಚಾಪೆಯ ಮೇಲೆ ಕೂರಿಸಿ ಕನ್ನಡಿ ಕೊಟ್ಟರು. ಬಣ್ಣಗಳನ್ನು ಊರಿನಿಂದ ತರಿಸಿಕೊಂಡಿದ್ದರು, ಸುಣ್ಣ ಮಾತ್ರ ಸಿಕ್ಕಿರಲಿಲ್ಲ. ಅಕ್ಕಿಹಿಟ್ಟಿಗೆ ಸುಣ್ಣ ಸೇರಿಸಿ ಅರೆದರೆ ಮುಖದ ಮೇಲಿನ ಚುಕ್ಕೆ ಕಲ್ಲಿನ ಹಾಗೆ ನಿಲ್ಲುತ್ತದೆ. ಅದರ ಬದಲು ಫಾರ್ಮಸಿಯಿಂದ ತಂದ ಬಿಳಿ ಝಿಂಕ್ ಪುಡಿ ಹಾಕಿದ್ದರು. ಎರಡೂವರೆ ಗಂಟೆ ಕೂತೆ. ಬಣ್ಣ ಏರುತ್ತ ಹೋದಂತೆ ಕನ್ನಡಿಯಲ್ಲಿ ನಾನು ಕಡಿಮೆಯಾಗುತ್ತ ಹೋದೆ. ಚುಕ್ಕೆಗಳನ್ನು ಇಟ್ಟು ಮುಗಿಸುವಷ್ಟರಲ್ಲಿ ಅಪ್ಪನ ಬೆರಳು ನಡುಗಲು ಶುರುವಾಗಿತ್ತು.

ಹೊರಗೆ ಬಂದು ಬಿಸಿಲಿಗೆ ನಿಂತೆವು. ಮೊದಲ ಶಾಟ್ ತೆಗೆದು ಎರಡನೆಯದಕ್ಕೆ ತಿರುಗುವಾಗ ಕೆನ್ನೆಯ ಮೇಲೆ ಏನೋ ಚಟ್ಟೆಂದಿತು. ಮರಳುಗಾಡಿನ ಒಣಗಾಳಿಗೆ ಅಕ್ಕಿಹಿಟ್ಟು ಬಿರುಕು ಬಿಟ್ಟಿತ್ತು. ಚುಕ್ಕೆಗಳು ಒಂದೊಂದೇ ಉದುರಿ ಎದೆಯ ಮೇಲೆ ಬಿದ್ದವು. ಹತ್ತು ನಿಮಿಷದಲ್ಲಿ ಅರ್ಧ ಮುಖ ಬೋಳಾಯಿತು.

ಎಂಜಿನಿಯರ್ ಹುಡುಗ ಕ್ಯಾಮೆರಾದಿಂದ ತಲೆಯೆತ್ತಿದ. "ಇರ್ಲಿ ಬಿಡ್ರಿ ಅಜ್ಜಾರ. ದೂರದಿಂದ ತಗೀತೀನಿ. ಯಾರಿಗೂ ಕಾಣಂಗಿಲ್ಲ."

"ನನಗೆ ಕಾಣ್ತದೆ," ಎಂದರು ಅಪ್ಪ.

ಮತ್ತೆ ಒಳಗೆ ಹೋದೆವು. ಅಪ್ಪ ಕಿಟಕಿ ಮುಚ್ಚಿಸಿ, ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಕುದಿಯಲಿಟ್ಟು ಕೋಣೆಯಲ್ಲಿ ಹಬೆ ತುಂಬಿಸಿದರು. ನನ್ನ ಚೀಲದಲ್ಲಿ ಏನೇನಿದೆ ಎಂದು ಕೇಳಿದರು. ಅಭ್ಯಾಸಬಲದಿಂದ ನಾನು ಎಲ್ಲಿ ಹೋದರೂ ಹತ್ತಿಯ ಒಂದು ಸುರುಳಿ ಇಟ್ಟುಕೊಂಡಿರುತ್ತಿದ್ದೆ. ಅಪ್ಪ ಅದನ್ನು ಎಳೆಎಳೆಯಾಗಿ ಬಿಡಿಸಿ ಹಿಟ್ಟಿನೊಳಗೆ ಕಲಸಿದರು. ಬೆರಳಿನಲ್ಲಿ ಹಿಡಿದು ಎಳೆದು ನೋಡಿ, "ಈಗ ನಿಲ್ತದೆ," ಎಂದರು.

ಹಿಟ್ಟು ನಿಲ್ಲುವಂತಾಯಿತು. ಆದರೆ ಕೈ ನಿಲ್ಲಲಿಲ್ಲ. ಮೊದಲ ಚುಕ್ಕೆ ಇಡುವಾಗಲೇ ಹಿಟ್ಟು ಅದ್ದಿದ ಕಡ್ಡಿ ಜಾರಿ ಹುಬ್ಬಿನ ಮೇಲೆ ಗೀರು ಬಿತ್ತು. ಒರೆಸಿ ಮತ್ತೆ ಇಟ್ಟರು, ಮತ್ತೆ ಜಾರಿತು. ಅಪ್ಪ ಕಡ್ಡಿಯನ್ನು ಕೆಳಗಿಟ್ಟು, ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಕೂತರು. ನಾನು ಅವರ ಮುಖ ನೋಡಲಾರದೆ ಕನ್ನಡಿ ನೋಡಿದೆ.

ರಾಜಕುಮಾರಿಯ ಉಡುಪಿನಲ್ಲಿ ಬಾಗಿಲಲ್ಲಿ ನಿಂತಿದ್ದ ಮಗಳು ಒಳಗೆ ಬಂದಳು. "ಅಜ್ಜ, ನಾನು ಇಡ್ಲಾ? ನೀವು ಹೇಳಿ, ವೇರ್."

ಅಪ್ಪ ಅವಳನ್ನು ನೋಡಿದರು, ನನ್ನನ್ನು ನೋಡಿದರು. ನಾನು ಏಳು ವರ್ಷದವಳಿದ್ದಾಗ ಒಮ್ಮೆ ಚೌಕಿಯೊಳಗೆ, ಅಂದರೆ ವೇಷಧಾರಿಗಳು ಬಣ್ಣ ಹಚ್ಚುವ ಜಾಗಕ್ಕೆ, ಓಡಿ ಹೋಗಿದ್ದೆ. ಹೆಣ್ಣುಮಕ್ಕಳು ಇಲ್ಲಿಗೆ ಬರಲಿಕ್ಕೆ ಇಲ್ಲ ಎಂದು ಅಪ್ಪನೇ ರಟ್ಟೆ ಹಿಡಿದು ಹೊರಗೆ ಬಿಟ್ಟಿದ್ದರು. ಅದು ಅವರಿಗೂ ನೆನಪಾಯಿತೋ ಏನೋ. ಖರ್ಜೂರದ ಗರಿಯಿಂದ ಸಿಗಿದ ಹೊಸ ಕಡ್ಡಿಯೊಂದನ್ನು ತೆಗೆದು ಅವಳ ಕೈಗೆ ಕೊಟ್ಟು, "ಕೂತ್ಕೋ," ಎಂದರು.

"ಮೂಗಿನಿಂದ ಶುರು ಮಾಡು. ಹೂಂ. ಒಂದಕ್ಕೊಂದು ತಾಗ್ಲಿಕ್ಕಿಲ್ಲ. ಕಡ್ಡಿ ಮೇಲೆ ಎಳಿ, ಮೊನೆ ಬರ್ಬೇಕು."

"ಲೈಕ್ ಐಸಿಂಗ್," ಎಂದಳು ಮಗಳು.

"ಎಂತ?"

"ಕೇಕ್ ಮೇಲೆ ಹಾಕ್ತಾರಲ್ಲ, ಅಜ್ಜ. ಹಾಗೆ."

"ಹೂಂ. ಹಾಗೆ."

ಹನ್ನೊಂದು ವರ್ಷದ ಕೈ ಒಂದಿಷ್ಟೂ ನಡುಗಲಿಲ್ಲ. ನಾಲಿಗೆಯ ತುದಿಯನ್ನು ತುಟಿಯ ಮೂಲೆಗೆ ಒತ್ತಿಕೊಂಡು, ಉಸಿರು ಬಿಗಿಹಿಡಿದು ಒಂದೊಂದೇ ಚುಕ್ಕೆ ಇಟ್ಟಳು. ಅಪ್ಪ ಅವಳ ಭುಜದ ಹಿಂದೆ ಕೂತು ಹೇಳುತ್ತ ಹೋದರು. ಒಂದು ಗಂಟೆ ಕಳೆದ ಮೇಲೆ ಅವಳು ಕನ್ನಡದಲ್ಲೇ ಕೇಳುತ್ತಿದ್ದಳು, ಅವರು ಕನ್ನಡದಲ್ಲೇ ಉತ್ತರಿಸುತ್ತಿದ್ದರು, ಇಬ್ಬರಿಗೂ ಅದರ ಗಮನವಿರಲಿಲ್ಲ. ನಡುವೆ ನಾನು ಕುಳಿತಿದ್ದೆ. ಮಾತಾಡಿದರೆ ಹಿಟ್ಟು ಬಿರಿಯುತ್ತದೆ ಎಂದು ನನಗೆ ಬಾಯಿ ಬಿಡಲು ಅಪ್ಪಣೆ ಇರಲಿಲ್ಲ. ಅದು ಒಳ್ಳೆಯದೇ ಆಯಿತು.

ಮೂರೂವರೆಗೆ ಹೊರಗೆ ಬಂದಾಗ ಅಲ್ಲಿದ್ದವರೆಲ್ಲ ಎದ್ದು ನಿಂತರು. ತೋಟದ ಪುತ್ತೂರಿನವರು ಚಪ್ಪಲಿ ಕಳಚಿದರು.

ಕೊನೆಯ ದೃಶ್ಯವನ್ನು ಅಂದೇ ಆ ಮನೆಯ ದೊಡ್ಡ ಕೋಣೆಯಲ್ಲಿ ತೆಗೆದರು. ರಾಜಕುಮಾರನಾಗಿದ್ದ ಕಾಲೇಜು ಹುಡುಗ ಬಾಗಿಲಲ್ಲಿ ಗಿಳಿ ಹಿಡಿದು ನಿಂತಿದ್ದ. ಬಟ್ಟೆಯಲ್ಲಿ ಮಾಡಿದ ಗಿಳಿ. ನಾನು ಅವನನ್ನು ದಾಟಿ ನಡೆದು ಹೋಗಿ ಪೀಠದ ಮೇಲೆ ಕೂತೆ. ಸೆರಗು ಮುಟ್ಟಲಿಲ್ಲ. ಎದುರಿಗೆ ನನ್ನ ಮಗಳು. ಗುಟ್ಟು ಬಿಟ್ಟುಕೊಟ್ಟ ಹುಡುಗಿಯಾಗಿ ಅವಳು ತಲೆ ತಗ್ಗಿಸಿ ನಿಂತಿದ್ದಳು. ಸಾಕಿದವರನ್ನು ಬಿಟ್ಟುಕೊಟ್ಟವಳು ಹೇಗೆ ನಿಲ್ಲುತ್ತಾಳೆ ಎನ್ನುವುದು ಆ ಕೋಣೆಯಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಆ ಮಾತು ಹೇಳುವಾಗ ನಾನು ಏನೂ ನಟಿಸಬೇಕಾಗಲಿಲ್ಲ.

"ಹೊರಗೆ ಬಿಸಿಲಿದೆ. ತಲೆಗೆ ಬಟ್ಟೆ ಕಟ್ಟಿಕೊಂಡು ಹೋಗು."

ಹುಡುಗಿ ತಿರುಗಿ ಹೊರಡಬೇಕೆಂದು ಬರೆದಿತ್ತು. ಮಗಳು ಹೊರಡಲಿಲ್ಲ. ಮುಖ ಎತ್ತಿ ನನ್ನನ್ನು ನೋಡಿದಳು, ಕಣ್ಣಿನಿಂದ ನೀರು ಸುರಿಯುತ್ತಿತ್ತು. ಬಂದು ನನ್ನ ವೇಷದಿಂದ ಮಡಿಲಿಗೆ ಇಳಿಬಿದ್ದಿದ್ದ ಕೆಂಪು ಬಟ್ಟೆಯನ್ನು ಎಳೆದು ತಲೆಗೆ ಸುತ್ತಿಕೊಂಡು, ಆಮೇಲೆ ನಡೆದು ಹೋದಳು. ಕ್ಯಾಮೆರಾ ಓಡುತ್ತಲೇ ಇತ್ತು. ರಾಜಕುಮಾರ ಗಿಳಿಯ ಕತ್ತು ಮುರಿದಾಗ ನಾನು ಕಣ್ಣು ಮುಚ್ಚಲಿಲ್ಲ. ಕೂತಲ್ಲೇ ಕೂತಿದ್ದೆ.

"ಓಕೆ" ಎನ್ನುವುದನ್ನೇ ಎಂಜಿನಿಯರ್ ಹುಡುಗ ಮರೆತಿದ್ದ. ಮೂಲೆಯಿಂದ ಅಪ್ಪ ಹೇಳಿದರು, "ಸಾಕು. ಆಯ್ತು."

ವಾಪಸ್ ಬರುವಾಗ ಹಿಂದಿನ ಸೀಟಿನಲ್ಲಿ ಗಂಡ, ಮಗಳು ಇಬ್ಬರೂ ನಿದ್ದೆಹೋದರು. ಅಪ್ಪ ನನ್ನ ಪಕ್ಕದಲ್ಲಿದ್ದರು. ದುಬೈ ಹತ್ತಿರ ಬರುವವರೆಗೂ ಮಾತು ಹುಡುಕಿದೆ.

"ಅಪ್ಪ, ಇಲ್ಲಿ ಎಲ್ಲರ ಹತ್ರ ನಿಮ್ಮದು ಕೃಷಿ ಅಂತ ಹೇಳಿದ್ದೆ."

"ಗೊತ್ತುಂಟು. ನೀನು ಹಾಸ್ಟೆಲಿನಲ್ಲಿ ಸಹ ಹಾಗೇ ಹೇಳಿದ್ದೆ. ನಿನ್ನ ಫ್ರೆಂಡಿನ ಅಪ್ಪ ಬಸ್ಸಿನಲ್ಲಿ ಸಿಕ್ಕಿ ಅಡಿಕೆಗೆ ಮದ್ದು ಯಾವುದು ಬಿಡುದು ಅಂತ ಕೇಳಿದ್ರು."

"ಮತ್ತೆ ಆವತ್ತು ಆ ಹುಡುಗನ ಎದುರು ಯಾಕೆ ಹಾಗೆ ಹೇಳಿದ್ರಿ, ತೆಂಗಿನ ಮರ ಅಂತ?"

ಅಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದರು. "ಮಗಳು ಸಿಕ್ಕಿ ಬೀಳುದು ನೋಡ್ಲಿಕ್ಕೆ ಆಗುದಿಲ್ಲ, ಅಷ್ಟೇ."

ನಾನು ಕ್ಷಮೆ ಕೇಳಿದೆ. ಅವರು ರಸ್ತೆ ನೋಡಿ ಓಡಿಸು ಎಂದರು.

ಫೆಬ್ರವರಿಯಲ್ಲಿ ಊದ್ ಮೇಥಾದ ಒಂದು ಶಾಲೆಯ ಸಭಾಂಗಣದಲ್ಲಿ ಸಿನಿಮಾ ತೋರಿಸಿದರು. ಅಪ್ಪ ಬಿಳಿ ಪಂಚೆಯ ಮೇಲೆ ಅಳಿಯನ ಕೋಟು ಹಾಕಿಕೊಂಡು ಮೊದಲ ಸಾಲಿನಲ್ಲಿ ಕೂತಿದ್ದರು. ನನ್ನ ಮುಖ ಮೊದಲು ಪರದೆ ತುಂಬಿದಾಗ ಚಿಕ್ಕ ಮಕ್ಕಳು ಕೂಗಿ ತಾಯಂದಿರ ಮಡಿಲಿಗೆ ಹತ್ತಿದರು. ನಡುವೆ ರಾಕ್ಷಸಿ ಕೂಸಿಗೆ ಖರ್ಜೂರದ ಬೀಜ ತೆಗೆದು ತಿನ್ನಿಸುವ ದೃಶ್ಯ ಬಂತು, ಆ ಮಕ್ಕಳು ನಿಧಾನವಾಗಿ ಕೆಳಗಿಳಿದರು. ರಾಜಕುಮಾರ ಹುಡುಗಿಯನ್ನು ಪುಸಲಾಯಿಸುತ್ತ, ರಾಕ್ಷಸಿಯ ಜೀವ ಎಲ್ಲಿದೆ ಎಂದು ಕೇಳಿದಾಗ ಕತ್ತಲಿನಿಂದ ಒಂದು ಪುಟ್ಟ ಧ್ವನಿ, "ಡೋಂಟ್ ಟೆಲ್ ಹಿಮ್," ಎಂದಿತು. ಆಮೇಲೆ ಇನ್ನೊಂದು. ಕೊನೆಗೆ ಇಡೀ ಮಕ್ಕಳ ಗುಂಪೇ ಹೇಳಬೇಡ, ಹೇಳಬೇಡ ಎಂದು ಕೂಗತೊಡಗಿತು. ಪರದೆಯ ಮೇಲೆ ನನ್ನ ಮಗಳು ಹೇಳಿಬಿಟ್ಟಳು.

ದೀಪ ಹತ್ತಿದ ಮೇಲೆ ಎಂಜಿನಿಯರ್ ಹುಡುಗ ನನ್ನನ್ನು ವೇದಿಕೆಗೆ ಕರೆದು ಮೈಕು ಕೊಟ್ಟ. ಅವನಿಗೂ ಬಂದವರಿಗೂ ವಂದಿಸಿ ಇಳಿಯಬೇಕೆಂದು ಮನೆಯಲ್ಲಿ ಅಂದುಕೊಂಡು ಬಂದಿದ್ದೆ. ಮೈಕು ಕೈಗೆ ಬಂದಾಗ ಬಾಯಿಂದ ಬಂದದ್ದು ಬೇರೆ.

"ಮೊದಲ ಸಾಲಿನಲ್ಲಿ ಕೂತವರು ನನ್ನ ಅಪ್ಪ. ಯಕ್ಷಗಾನ ಮೇಳದಲ್ಲಿ ನಲವತ್ತೊಂದು ವರ್ಷ ರಾಕ್ಷಸಿಯ ವೇಷ ಮಾಡಿದವರು. ನೀವು ಈಗ ನೋಡಿದ ರಾಕ್ಷಸಿ ಅವರದ್ದು. ನಾನು ಅವರ ಮಗಳು."

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಪ್ಪ ಕೂತೇ ಇದ್ದರು, ಬೆನ್ನು ನೆಟ್ಟಗೆ, ಎರಡೂ ಕೈ ಕುರ್ಚಿಯ ತೋಳುಗಳ ಮೇಲೆ. ಅಷ್ಟು ಜನರ ಮಧ್ಯೆ ಅವರೊಬ್ಬರು ಕೂತದ್ದು ಅವಮರ್ಯಾದೆ ಎಂದು ಯಾರಿಗೂ ಅನ್ನಿಸಿರಲಾರದು. ಅದು ಅವರದೇ ಜಾಗ ಎನ್ನುವ ಹಾಗೆ ಕ್ಷಣ ಹೊತ್ತು ಎಲ್ಲರನ್ನೂ ನೋಡಿ, ಆಮೇಲೆ ಕೈ ಮುಗಿದರು.

ಅಲ್ಲಿಂದ ಕರಾಮಕ್ಕೆ ಹೋಗಿ ನಮ್ಮ ಕಡೆಯವರ ಒಂದು ಹೋಟೆಲಿನಲ್ಲಿ ನೀರುದೋಸೆ ತಿಂದೆವು. ಪಕ್ಕದ ಟೇಬಲಿನಲ್ಲಿ ಸಿನಿಮಾ ನೋಡಿ ಬಂದ ಒಂದು ಸಂಸಾರವಿತ್ತು. ಅವರ ಐದು ವರ್ಷದ ಹುಡುಗಿ ನನ್ನನ್ನು ಬಹಳ ಹೊತ್ತು ದಿಟ್ಟಿಸಿ, ಧೈರ್ಯ ಸಾಲದೆ, ನನ್ನ ಅಪ್ಪನ ಹತ್ತಿರ ಬಂದು ಕೇಳಿದಳು, "ಇವರೇ ರಾಕ್ಷಸಿಯಾ?"

"ಅಲ್ಲ ಮಗಾ," ಎಂದರು ಅಪ್ಪ. "ಇವಳು ಸೂಜಿ ಚುಚ್ಚುವವಳು. ರಾಕ್ಷಸಿ ಪಾಪದವಳು, ಯಾರಿಗೂ ನೋವು ಮಾಡುದಿಲ್ಲ."

ಹುಡುಗಿ ತಲೆಯಾಡಿಸಿ ತನ್ನ ಕುರ್ಚಿಗೆ ಹೋದಳು. ಅಪ್ಪ ಇನ್ನೊಂದು ದೋಸೆ ಹೇಳಿದರು.

ಮಾರ್ಚಿನಲ್ಲಿ ಅವರು ಊರಿಗೆ ಮರಳಿದರು, ಸಿನಿಮಾವನ್ನು ಪೆನ್‌ಡ್ರೈವಿನಲ್ಲಿ ಹಾಕಿಸಿಕೊಂಡು. ಅಣ್ಣ ಫೋನ್ ಮಾಡಿ ಹೇಳಿದ, ಮನೆಗೆ ಬಂದವರನ್ನೆಲ್ಲ ಅಪ್ಪ ಟಿವಿಯ ಮುಂದೆ ಕೂರಿಸುತ್ತಿದ್ದಾರೆ, ಮೇಳದ ಹಳೆಯ ಜೊತೆಗಾರರನ್ನು ಆಟೊ ಮಾಡಿ ಕರೆಸಿ ತೋರಿಸಿದ್ದಾರೆ, "ಮಗಳು, ಮೊಮ್ಮಗಳು" ಎಂದು ಒಂದೇ ಹಾಡು. ಒಂದು ವಾರ ಬಿಟ್ಟು ಅಪ್ಪನೇ ಫೋನ್ ಮಾಡಿದರು. ನನ್ನ ಹತ್ತಿರ ಎರಡು ಮಾತಾಡಿ ಮೊಮ್ಮಗಳಿಗೆ ಕೊಡು ಎಂದರು. ಜೊತೆಗಾರರು ಮೆಚ್ಚಿದ್ದಾರೆ, ಆದರೆ ಎಡಗಣ್ಣಿನ ಕೆಳಗಿನ ಸಾಲು ಸ್ವಲ್ಪ ಓರೆಯಾಗಿದೆ, ಅದನ್ನು ಅವರೆಲ್ಲ ಕಂಡುಹಿಡಿದಿದ್ದಾರೆ, ಮುಂದಿನ ಸಲ ಹಾಗಾಗಬಾರದು ಎಂದರಂತೆ.

ಮಗಳು ಫೋನಿಟ್ಟು ಅಡುಗೆಮನೆಗೆ ಹೋಗಿ ಅಕ್ಕಿಹಿಟ್ಟಿನ ಡಬ್ಬಿ ಇಳಿಸಿದಳು. ನಾನು ಕ್ಲಿನಿಕ್ಕಿನ ಬಟ್ಟೆಯನ್ನೂ ಬದಲಿಸದೆ ಚಾಪೆ ಹಾಸಿಕೊಂಡು ಕೂತೆ.